ಟ್ಯಾಪೆಟ್ ಕವರ್‌ಗೆ ಗೇಟಿನ ಬಣ್ಣ

"ಗೇಟಾ, ಗ್ರಿಲ್ಲಾ?" ಅಂತ ಕೇಳಿದರು ಪೌಡರ್ ಕೋಟಿಂಗ್ ಅಂಗಡಿಯವರು. ಲೋಹಕ್ಕೆ ಬಣ್ಣದ ಪುಡಿ ಹಚ್ಚಿ, ಓವನ್‌ನಲ್ಲಿ ಕಾಯಿಸಿ ಅಂಟಿಸುವುದು ಅವರ ಕೆಲಸ.

ಕಾರವಾರದಲ್ಲಿ ಈ ಪ್ರಶ್ನೆಗೆ ಮೂರನೇ ಉತ್ತರ ಇರುವುದಿಲ್ಲ. ಉಪ್ಪುಗಾಳಿಗೆ ಕಬ್ಬಿಣ ಉಳಿಯಬೇಕಲ್ಲ, ಊರಿನ ಗೇಟು, ಕಿಟಕಿಗಳೇ ಅಲ್ಲಿಗೆ ಬರುವುದು. ನಾನು ಚೀಲದಿಂದ ನಮ್ಮ ಪದ್ಮಿನಿ ಕಾರಿನ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ), ಏರ್ ಫಿಲ್ಟರ್ ಡಬ್ಬಿ, ಒಂದಿಷ್ಟು ಬ್ರಾಕೆಟ್ ತೆಗೆದಿಟ್ಟೆ. ಅವರು ಕವರನ್ನು ಮಗುಚಿ ನೋಡಿ, "ಇದೆಂತದು ಮಾರಾಯ್ರೆ, ಮೀನು ಹುರಿಯೂದಾ?" ಅಂದರು.

ಬಾನೆಟ್ ಒಳಗೆ ಈ ಶೃಂಗಾರ ಯಾಕೆ ಅಂತ ಮನೆಯಲ್ಲೂ ಕೇಳಿದ್ದರು. ಕಾರಣ ಇದೆ. ನಮ್ಮದು 1089 ಸಿಸಿಯ ಹಳೇ ಇಂಜಿನ್. ಕುಮಟಾದಿಂದ ಶಿರಸಿಗೆ ಹೊರಟರೆ ದೇವಿಮನೆ ಘಟ್ಟದಲ್ಲಿ ಬಿಸಿಯಾಗಿ ನಿಲ್ಲುತ್ತದೆ. ಬಾನೆಟ್ ಎತ್ತಿದ ಕೂಡಲೇ ಬೈಕಿನವರು, ಟೆಂಪೋದವರು, ದಾರಿಹೋಕರು ಎಲ್ಲ ಬಂದು ಬಗ್ಗಿ ನೋಡುತ್ತಾರೆ. ನಮ್ಮ ಕಾರಿನ ಸೀಟು ನೋಡಿದವರಿಗಿಂತ ಇಂಜಿನ್ ನೋಡಿದವರೇ ಜಾಸ್ತಿ. ಅಲ್ಲಿ ಮರ್ಯಾದೆ ಉಳಿಯಬೇಕಲ್ವಾ?

ಶೇಡ್ ಕಾರ್ಡ್ ಮನೆಗೆ ತಂದೆ. ಎಲ್ಲರ ಜಗಳವೂ ಬಣ್ಣದ್ದೇ. ನನ್ನ ಪ್ರಕಾರ ಇಂಜಿನ್ ವಿಷಯದಲ್ಲಿ ಬಣ್ಣಕ್ಕಿಂತ ಹೊಳಪು ಮುಖ್ಯ. ಗ್ಲಾಸಿ ಆದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಆದರೆ ಲೋಹದ ಗೀರು, ತಗ್ಗು ಎಲ್ಲ ಎದ್ದು ಕಾಣುತ್ತವೆ. ಹೊಳಪಿಲ್ಲದ ಮ್ಯಾಟ್ ಮೇಲೆ ಗ್ರೀಸ್ ಬೆರಳಿನ ಗುರುತು ಬೇಗ ಹೋಗುವುದಿಲ್ಲ. ಹಳೇ ಇಂಜಿನ್‌ಗೆ ಒಪ್ಪುವುದು ಸುಕ್ಕುಸುಕ್ಕಾದ ಕಪ್ಪು ಟೆಕ್ಸ್ಚರ್. ತಗ್ಗೆಲ್ಲ ಮುಚ್ಚಿಹೋಗುತ್ತದೆ. ಸುಕ್ಕಿನ ಸಂದಿಯಲ್ಲಿ ಕೂತ ಆಯಿಲ್ ತೆಗೆಯಲು ಮಾತ್ರ ಹಲ್ಲುಜ್ಜುವ ಬ್ರಷ್ ಬೇಕು. ಇದನ್ನು ಹೇಳಿದ ದಿನವೇ ಬಚ್ಚಲಿನಿಂದ ಎಲ್ಲರ ಬ್ರಷ್ಷೂ ಕಾಣೆಯಾದವು.

ಚೀಟಿ ಬರೆದುಕೊಟ್ಟೆ: ಕಪ್ಪು ಟೆಕ್ಸ್ಚರ್. ಮೊದಲು ಪುಡಿ ಹಚ್ಚದೆ ಓವನ್‌ನಲ್ಲಿ ಕಾಯಿಸಿ ಹಳೇ ಆಯಿಲ್ ಬಿಡಿಸಬೇಕು, ಇಲ್ಲದಿದ್ದರೆ ಗುಳ್ಳೆ ಏಳುತ್ತದೆ. ಬೋಲ್ಟ್ ತೂತು, ಆಯಿಲ್ ಸೋರದಂತೆ ತಡೆಯುವ ಗ್ಯಾಸ್ಕೆಟ್ ಕೂರುವ ಅಂಚು, ಅರ್ಥಿಂಗ್ ಜಾಗಕ್ಕೆ ಬಣ್ಣ ಹತ್ತದಂತೆ ಟೇಪ್ ಹಚ್ಚಬೇಕು.

ವಾಪಸ್ ಬಂದದ್ದು ಕಾಫಿ ಬಣ್ಣದಲ್ಲಿ! ಅವತ್ತು ಯಾರದೋ ಗೇಟಿಗೆ ಕಾಫಿ ಬ್ರೌನ್ ಹೊಡೆಯುತ್ತಿದ್ದರಂತೆ. ಕೆಲಸದ ಹುಡುಗ ನಮ್ಮ ಸಾಮಾನನ್ನೂ ಪಕ್ಕದ ಕೊಕ್ಕೆಗೆ ನೇತುಹಾಕಿ ಓವನ್‌ಗೆ ತಳ್ಳಿದ್ದ. ಚೀಟಿ ಫಿಲ್ಟರ್ ಡಬ್ಬಿಯೊಳಗೇ ಇತ್ತು. 200 ಡಿಗ್ರಿ ಶಾಖಕ್ಕೆ ಅದೂ ಕಾಫಿ ಬಣ್ಣಕ್ಕೆ ತಿರುಗಿತ್ತು.

ಟೇಪಿನ ಸುದ್ದಿಯೇ ಇಲ್ಲ. ಮೆಕ್ಯಾನಿಕ್ ಬೋಲ್ಟ್ ತೂತುಗಳಿಗೆ ಮತ್ತೆ ತಿರುಪಿನ ಗೆರೆ ಕೊರೆದು, ಗೊಣಗುತ್ತ ಎಲ್ಲ ಜೋಡಿಸಿದ. ಚಾವಿ ತಿರುಗಿಸಿದರೆ ಸ್ಟಾರ್ಟರ್ "ಟಕ್" ಅಂದು ಸುಮ್ಮನಾಯಿತು. ಅರ್ಥಿಂಗ್ ಪಟ್ಟಿ ಕೂರುವ ಬ್ರಾಕೆಟ್ಟಿಗೂ ಕೋಟಿಂಗ್ ಆಗಿತ್ತು, ಅದರೊಳಗೆ ಕರೆಂಟ್ ದಾಟುವುದಿಲ್ಲ. ತಮಾಷೆ ನೋಡಿ, ಪುಡಿಗೆ ಚಾರ್ಜ್ ಕೊಟ್ಟು, ಲೋಹಕ್ಕೆ ಅರ್ಥಿಂಗ್ ಕೊಟ್ಟೇ ಈ ಬಣ್ಣ ಅಂಟಿಸುವುದು. ಅರ್ಥಿಂಗ್ ಇಲ್ಲದೆ ಹತ್ತದ ಬಣ್ಣ, ಹತ್ತಿದ ಮೇಲೆ ಅರ್ಥಿಂಗನ್ನೇ ತಿಂದುಹಾಕಿತು. ಮೆಕ್ಯಾನಿಕ್ ಪಾಲಿಶ್ ಪೇಪರ್ ತೆಗೆದು ಬ್ರಾಕೆಟ್ಟನ್ನು ಕರಕರ ಉಜ್ಜಿದ. ಗಾಡಿ ಸ್ಟಾರ್ಟ್ ಆಯಿತು.

ಎಲ್ಲ ಕಿತ್ತು ಮತ್ತೆ ಕಪ್ಪು ಮಾಡಿಸೋಣವೇ ಅಂತ ಯೋಚಿಸುತ್ತಿದ್ದೆ. ಅಮ್ಮ ಬಗ್ಗಿ ನೋಡಿ, "ಇದೇ ಲಾಯ್ಕಿದ್ದು ಬಿಡೋ. ಆಯಿಲ್ ಸೋರಿದ್ರೂ ಕಾಣೂದಿಲ್ಲ" ಅಂದರು.

ಮೆಕ್ಯಾನಿಕ್ ಗ್ಯಾಸ್ಕೆಟ್ ಅಂಚಿನಲ್ಲಿ ಬೆರಳಾಡಿಸಿ ನಮ್ಮ ಕಡೆ ಹಿಡಿದ. ಆಗಲೇ ಸೋರುತ್ತಿತ್ತು.