ಸತ್ಯಾಂಶ: ಕತ್ತಿ ತಾಗಿದರೆ ಗಡ್ಡೆ ಹರಡುತ್ತಾ?

"ಮಗುವಿನ ತಲೆಬುರುಡೆಯ ರಕ್ತನಾಳದ ಗಡ್ಡೆ ಕ್ಯಾನ್ಸರ್, ಆಪರೇಷನ್ ಮಾಡಿಸಿದರೆ ಮೈಯೆಲ್ಲಾ ಹರಡುತ್ತೆ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಅದು ತಪ್ಪು. ಮೂಳೆಯೊಳಗಿನ ಈ ರಕ್ತನಾಳದ ಗಡ್ಡೆ, ಅಂದರೆ ಹೆಮಾಂಜಿಯೋಮಾ, ಅಪರೂಪದ್ದು ನಿಜ, ಆದರೆ ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹರಡುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಜೇನುಗೂಡಿನ ಹಾಗೆ ಕಾಣುತ್ತದೆ.

ಇಲ್ಲಿ ನಿಜವಾದ ಭಯ ರಕ್ತಸ್ರಾವದ್ದು. 10 ಕೆಜಿ ತೂಕದ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 800 ಮಿಲಿಲೀಟರ್, ಅಷ್ಟೇ! ಅದಕ್ಕೇ ಸರ್ಜನ್ ಸಾಮಾನ್ಯವಾಗಿ ಗಡ್ಡೆಯನ್ನು ಕೆರೆದು ತೆಗೆಯುವುದಿಲ್ಲ. ಸುತ್ತಲಿನ ಒಳ್ಳೆಯ ಮೂಳೆಯಲ್ಲೇ ಕೊಯ್ದು, ಇಡೀ ತುಂಡನ್ನು ಎತ್ತಿ, ಆ ಜಾಗವನ್ನು ಮತ್ತೆ ಮುಚ್ಚುತ್ತಾರೆ. ಪೂರ್ತಿ ತೆಗೆದರೆ ಮತ್ತೆ ಬರುವುದು ಕಡಿಮೆ.

ಸಣ್ಣದಾಗಿದ್ದು ತೊಂದರೆ ಕೊಡದಿದ್ದರೆ ಕಾದು ನೋಡುವುದೂ ಉಂಟು. ಆದರೆ ಬೆಳೆಯುತ್ತಿರುವ ಗಂಟನ್ನು ಸುಮ್ನೆ ಬಿಡಬೇಡಿ. ಬೇರೆ ಗಡ್ಡೆಗಳೂ ಮುಟ್ಟಿದರೆ ಹೀಗೇ ಅನಿಸಬಹುದು.