ಕೊಂಬು ಹೆರೆದ ಫೋನು

ಹಳೇ ಫೋನು ಮಾರಿ ಇನ್ನೊಂದು ಹಳೇ ಫೋನನ್ನೇ ಕೊಳ್ಳುವ ಘನಕಾರ್ಯವನ್ನು ನಾನು ಒಂದೇ ವಾರದಲ್ಲಿ ಮುಗಿಸಿದೆ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಕೂತು ಬಂದವನ ಮಾತು ಇದು, ಸ್ವಲ್ಪ ಕೇಳಿ.

ಮಾರಲು ಹೊರಟಾಗ, ಹಳೇ ಫೋನು ಕೊಂಡು ಮಾರುವ ಆ್ಯಪ್ ಹೇಳಿದ ಬೆಲೆ ₹18,400 ‘ವರೆಗೆ’. ಮಾರನೇ ದಿನ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಒಬ್ಬ ಹುಡುಗ ಬಂದ. ಕಾಫಿ ಬೇಡವೆಂದ. ಫೋನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕಣ್ಣಿಗೆ ಎರಡಿಂಚು ಹತ್ತಿರ ತಂದು, ನಾನು ಮೂರು ವರ್ಷದಲ್ಲಿ ಒಮ್ಮೆಯೂ ಕಾಣದ ಗೀರೊಂದನ್ನು ಕಂಡುಹಿಡಿದ. ₹1,800 ಕಡಿತ. ಬ್ಯಾಟರಿ ಆರೋಗ್ಯ ಶೇ 84, ₹2,000 ಕಡಿತ. ಡಬ್ಬ ಇಲ್ಲ, ₹500. ಚಾರ್ಜರ್ ಇಲ್ಲ, ₹700.

“ಅಲ್ಲಪ್ಪ, ಐಫೋನ್ ಡಬ್ಬದಲ್ಲಿ ಚಾರ್ಜರ್ ಕೊಡೋದನ್ನ ಕಂಪನಿಯವರು 2020ರಲ್ಲೇ ನಿಲ್ಲಿಸಿದ್ರು. ಅವರೇ ಕೊಡದೇ ಇರೋದನ್ನ ನಾನೆಲ್ಲಿಂದ ತರ್ಲಿ?”

“ಗೊತ್ತು ಸರ್. ಆದ್ರೆ ಆ್ಯಪ್‌ನಲ್ಲಿ ಕಾಲಂ ಇದೆ.”

ಕಾಲಂ ಇದ್ದ ಮೇಲೆ ಮುಗಿಯಿತು. ಕೊನೆಗೆ ಮೈಕ್ ಪರೀಕ್ಷೆ. ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮೈಕ್ ಫೇಲು, ₹1,900 ಕಡಿತ. ಉಳಿದದ್ದು ₹11,500. ಒಂದು ವಿಷಲ್ಲಿಗೆ ಅಷ್ಟು ಬೆಲೆ ತೆತ್ತ ಬೇಳೆಸಾರನ್ನು ಅಂದು ಮನೆಯಲ್ಲಿ ಬಹಳ ಗೌರವದಿಂದ ಉಂಡೆವು.

ಮೂರು ದಿನ ಬಿಟ್ಟು ಕೊಳ್ಳುವವನಾಗಿ ಅದೇ ಆ್ಯಪಿನ ಬಾಗಿಲು ತಟ್ಟಿದೆ. ಅದೇ ಮಾಡೆಲ್, ಅದೇ ಬಣ್ಣ, ₹27,999. ಅಲ್ಲಿ ‘ಹಳೆಯದು’ ಎಂಬ ಪದವೇ ಇಲ್ಲ. ‘ಲೈಕ್ ನ್ಯೂ’ ಇದೆ, ‘ಎಕ್ಸಲೆಂಟ್’ ಇದೆ, ‘ವೆರಿ ಗುಡ್’ ಇದೆ. ಎಲ್ಲಕ್ಕಿಂತ ಕೆಳಗಿನ, ಮೂಲೆ ಒಡೆದ, ಬೆನ್ನು ಸವೆದ ದರ್ಜೆಯ ಹೆಸರು ‘ಗುಡ್’. ನಮ್ಮ ಮೇಷ್ಟ್ರಿಗೆ ಈ ಪದ್ಧತಿ ಗೊತ್ತಿದ್ದರೆ ನಾನು ಏಳನೇ ಕ್ಲಾಸಿನ ಗಣಿತದಲ್ಲಿ ‘ಗುಡ್’ ಆಗಿ ಪಾಸಾಗುತ್ತಿದ್ದೆ. ಗೀರುಗಳ ಬಗ್ಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ‘ಬಳಕೆಯ ಗುರುತುಗಳು ಒಂದು ತೋಳಿನಷ್ಟು ದೂರದಿಂದ ಕಾಣುವುದಿಲ್ಲ.’

ಅವರು ಕೊಳ್ಳುವಾಗ ಎರಡಿಂಚು, ಅವರು ಮಾರುವಾಗ ಒಂದು ತೋಳು. ಇಡೀ ವ್ಯಾಪಾರದ ಲಾಭ ಇರುವುದು ಈ ಎರಡರ ನಡುವಿನ ದೂರದಲ್ಲಿ.

ಆದರೂ ಕೊಂಡೆ. ಬಂದ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಮಾಡೆಲ್ ನಂಬರ್ ನೋಡಿದೆ. ಅದರ ಮೊದಲ ಅಕ್ಷರ ‘ಎಂ’ ಇದ್ದರೆ ಹೊಸದಾಗಿ ಮಾರಾಟವಾದದ್ದು, ‘ಎಫ್’ ಇದ್ದರೆ ಆ್ಯಪಲ್ ಕಂಪನಿಯೇ ರೀಫರ್ಬಿಶ್, ಅಂದರೆ ದುರಸ್ತಿ, ಮಾಡಿ ಮಾರಿದ್ದು, ‘ಎನ್’ ಇದ್ದರೆ ಕೆಟ್ಟದ್ದಕ್ಕೆ ಬದಲಿಯಾಗಿ ಕೊಟ್ಟದ್ದು. ನನ್ನ ‘ರೀಫರ್ಬಿಶ್ಡ್’ ಫೋನಿನಲ್ಲಿ ‘ಎಂ’ ಇತ್ತು. ಅಂದರೆ ಈ ರೀಫರ್ಬಿಶ್ ಕೆಲಸ ಇದನ್ನು ಹುಟ್ಟಿಸಿದವರದ್ದಲ್ಲ. ಕೆಳಗೆ ಡಿಸ್‌ಪ್ಲೇ ಎಂಬಲ್ಲಿ ‘ಅಪರಿಚಿತ ಭಾಗ’ ಎಂದಿತ್ತು. ನಾನು ದಿನಕ್ಕೆ ಆರು ತಾಸು ದಿಟ್ಟಿಸುವ ಮುಖ, ಫೋನಿಗೇ ಅದರ ಪರಿಚಯವಿಲ್ಲ!

ನಮ್ಮ ಸರ್ಕಾರದ ಉಪಕಾರವನ್ನೂ ಇಲ್ಲಿ ನೆನೆಯಬೇಕು. *#06# ಒತ್ತಿ, ಬರುವ 15 ಅಂಕಿಯ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆಯನ್ನು ಕೆವೈಎಂ ಎಂಬ ಅಕ್ಷರಗಳ ನಂತರ ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನು ಕದ್ದ ಮಾಲೆಂದು ತಡೆಹಿಡಿದದ್ದೋ ಅಲ್ಲವೋ ಎಂದು ತಿಳಿಯುತ್ತದೆ. ಚೆನ್ನಾಗಿಯೇ ಇದೆ. ಒಂದೇ ತೊಡಕು, *#06# ಒತ್ತಲು ಫೋನು ಕೈಯಲ್ಲಿರಬೇಕು. ಆನ್‌ಲೈನಿನಲ್ಲಿ ಫೋನು ಕೈಗೆ ಬರುವುದು ದುಡ್ಡು ಹೋದ ಮೇಲೆ.

ಭಾನುವಾರ ದೊಡ್ಡಬಳ್ಳಾಪುರದ ಕಡೆಯಿಂದ ದೊಡ್ಡಪ್ಪ ಬಂದರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ನಲವತ್ತು ವರ್ಷ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದ ಕೈ ಅವರದು. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಹಲ್ಲೆಷ್ಟು ಇದಕ್ಕೆ?”

ಬ್ಯಾಟರಿ ಶೇ 86 ಎಂದೆ.

“ಎಣಿಸ್ದೋರ್ ಯಾರು?”

“ಮಾರಿದೋರೇ, ದೊಡ್ಡಪ್ಪ.”

ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು: “ಜಾತ್ರೇಲಿ ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಕೊಂಬಿಗೆ ಕುಚ್ಚು ಕಟ್ಟಿ ನಿಲ್ಸೋರು. ವಯಸ್ಸಿನ ಉಂಗುರ ಕಾಣ್ಬಾರ್ದು ಅಂತ. ಅದಕ್ಕೇ ನಾವು ಕೊಂಬು ನೋಡ್ತಿರ್ಲಿಲ್ಲ, ಬಾಯಿ ತೆಗ್ಸಿ ಹಲ್ಲು ನೋಡ್ತಿದ್ವಿ. ನಾಲ್ಕು ಹೆಜ್ಜೆ ನಡೆಸ್ತಿದ್ವಿ. ನೀನು ಇದನ್ನ ಫೋಟೊದಲ್ಲಿ ನೋಡಿ ತಗೊಂಡ್ಯಾ?”

“ಏಳು ದಿನದಲ್ಲಿ ವಾಪಸ್ ಕೊಡಬಹುದು ದೊಡ್ಡಪ್ಪ. ಆರು ತಿಂಗಳು ವಾರಂಟಿನೂ ಇದೆ.”

“ವಾಪಸ್ ಕೊಟ್ರೆ ದುಡ್ಡು ಕೊಡ್ತಾರಾ?”

“ಒಬ್ಬ ಹುಡುಗ ಬಂದು ಪರೀಕ್ಷೆ ಮಾಡ್ತಾನೆ…”

ಹೇಳುತ್ತಿದ್ದಂತೆ ನನಗೆ ಎರಡಿಂಚಿನ ಕಣ್ಣು ನೆನಪಾಗಿ ಮಾತು ಅಲ್ಲೇ ನಿಂತಿತು. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಮಗಾ, ನಮ್ಮ ಕೊಟ್ಟಿಗೇಲಿ ಆ ಬಿಳಿ ಎತ್ತು ಐತಲ್ಲ, ಎಡಗಾಲು ಎಳೀತದೆ. ಅದರದ್ದೊಂದು ಫೋಟೊ ಹಾಕೋ ಅದ್ರಲ್ಲಿ. ಎಕ್ಸಲೆಂಟ್ ಅಂತ್ಲೇ ಬರಿ. ವಾರಂಟಿ ಮಾತ್ರ ಬ್ಯಾಡ, ಮೂರು ತಿಂಗಳೂ ಬರಾಕಿಲ್ಲ ಅದು.”