ಅಮೆರಿಕದ ಸಾಕೆಟ್‌ಗಿಂತ ನಮ್ಮೂರ ಪವರ್ ಪ್ಲಗ್ಗೇ ವಾಸಿ

ನಾನಿರೋದು ನ್ಯೂಜೆರ್ಸಿಲಿ, ಊರು ತೀರ್ಥಹಳ್ಳಿ ಹತ್ರ. ಈ ಸಲ ಮಳೆಗಾಲದಲ್ಲಿ ಹೋದಾಗ ಭಾವ ಕೇಳಿದ, ನಿನ್ ಕಾರು ಕರೆಂಟಿಂದಾ ಪೆಟ್ರೋಲಿಂದಾ ಅಂತ. ಎರಡೂ ಅಂದೆ. ಹಂಗಾದ್ರೆ ಎರಡು ಖರ್ಚು ಅನ್ನು ಅಂದ.

ನಂದು 2023ರ ಟೊಯೋಟಾ ಪ್ರಿಯಸ್ ಪ್ರೈಮ್, ಪ್ಲಗ್ ಇರೋ ಹೈಬ್ರಿಡ್. ಬ್ಯಾಟರಿ 13.6 ಯೂನಿಟ್‌ದು, ಫುಲ್ ಇದ್ರೆ 44 ಮೈಲಿ ಅಂದ್ರೆ ಹತ್ರತ್ರ 70 ಕಿಲೋಮೀಟರ್ ಪೆಟ್ರೋಲ್ ಮುಟ್ಟಲ್ಲ, ಆಮೇಲೆ ಇಂಜಿನ್ನು ಮೋಟರ್ರು ಸೇರ್ಕೊಂಡು ಮಾಮೂಲಿ ಹೈಬ್ರಿಡ್ ಥರ ಓಡತ್ತೆ. ನಮ್ಮ ಕಡೆ ಈಗ ಓಡಾಡೋ ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡಿಗೆ ಪ್ಲಗ್ ಹಾಕೋ ಜಾಗನೇ ಇಲ್ಲ, ಇಂಜಿನ್ನು ಬ್ರೇಕು ಕೊಟ್ಟಷ್ಟೇ ಚಾರ್ಜು.

ಅಮೆರಿಕದಲ್ಲಿ ಎಲ್ಲಾ ದೊಡ್ಡದು ಅನ್ಕೋತೀವಲ್ಲ, ಗೋಡೆ ಸಾಕೆಟ್ ಮಾತ್ರ ಬಡಪಾಯಿ. 120 ವೋಲ್ಟು, 12 ಆಂಪು, ಗುಣಿಸಿದ್ರೆ 1.4 ಕಿಲೋವ್ಯಾಟ್, ಖಾಲಿ ಬ್ಯಾಟರಿ ತುಂಬಕ್ಕೆ 11 ಗಂಟೆ. 240 ವೋಲ್ಟ್ ಬೇಕಂದ್ರೆ ಬಟ್ಟೆ ಒಣಗಿಸೋ ಮಷೀನಿಗೆ ಎಳೆದಂಗೆ ಬೇರೆ ಲೈನ್ ಎಳೆಸ್ಬೇಕು, ಎಲೆಕ್ಟ್ರಿಷಿಯನ್ ಹೇಳೋ ಕೂಲಿ ಕೇಳಿದ್ರೆ ಅಡಿಕೆ ಕ್ವಿಂಟಾಲ್ ರೇಟು ನೆನಪಾಗತ್ತೆ. ಊರಲ್ಲಿ ಗೀಸರಿಗೆ ಹಾಕಿರೋ 15 ಆಂಪ್ ಪವರ್ ಪ್ಲಗ್ ನೋಡಿ, 230 ವೋಲ್ಟು, 10 ಆಂಪ್ ಎಳೆದ್ರೂ 2.3 ಕಿಲೋವ್ಯಾಟ್, ರಾತ್ರಿ ಊಟ ಮಾಡಿ ಸಿಗಿಸಿದ್ರೆ ಬೆಳಗಿನ ಕಾಫಿ ಹೊತ್ತಿಗೆ ಫುಲ್.

ಗೋಡೆಗೆ ನೇತಾಕೋ ಡಬ್ಬನ ಎಲ್ಲರೂ ಚಾರ್ಜರ್ ಅಂತಾರೆ, ಅಸಲಿ ಚಾರ್ಜರ್ ಇರೋದು ಕಾರೊಳಗೆ. ಮನೆಗೆ ಬರೋ ಎಸಿ ಕರೆಂಟನ್ನ ಬ್ಯಾಟರಿಗೆ ಬೇಕಾದ ಡಿಸಿ ಮಾಡೋದು ಅದು, ನಂದ್ರಲ್ಲಿ 3.5 ಕಿಲೋವ್ಯಾಟ್‌ದು, ಎಷ್ಟು ದಪ್ಪ ಲೈನ್ ಕೊಟ್ರೂ ಅದು ಕುಡಿಯೋದು ಅಷ್ಟೇ. ಡಬ್ಬ ಬರೀ ಬಾಗಿಲು ಕಾಯೋನು, ಇಷ್ಟು ಆಂಪ್ ತನಕ ಎಳ್ಕೋ ಅಂತ ಕಾರಿಗೆ ಸಿಗ್ನಲ್ ಕೊಡತ್ತೆ, ಅರ್ಥಿಂಗ್ ಸರಿ ಇಲ್ಲಾಂದ್ರೆ ಕೆಂಪು ಲೈಟ್ ಹಾಕ್ಕೊಂಡು ಮುಷ್ಕರ ಕೂರತ್ತೆ.

ನಮ್ಮಲ್ಲಿ ಕೈಕೊಡೋದು ಇಲ್ಲೇ ನೋಡಿ. ವೈರ್ ತುದಿನ ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಗಿಸೋ ಜನ ನಾವು, ಮೂರನೇ ಪಿನ್ ಯಾಕಿದೆ ಅಂತ ಯಾರು ಕೇಳ್ತಾರೆ. ಪಕ್ಕದ ಮನೆಯವ್ರು ಎಲೆಕ್ಟ್ರಿಕ್ ಕಾರ್ ತಂದು ಎರಡು ದಿನ ಚಾರ್ಜ್ ಆಗ್ಲಿಲ್ಲ ಅಂತ ಶೋರೂಮಿನವರಿಗೆ ಬೈದಿದ್ದೇ ಬೈದಿದ್ದು, ನೋಡಿದ್ರೆ ಅಜ್ಜನ ಕಾಲದ ಅರ್ಥ್ ಪೈಪು ತುಕ್ಕು ಹಿಡಿದು ತುಂಡಾಗಿದೆ. ಹೊಸ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ ಪೈಪ್ ಇಳಿಸಿದ್ಮೇಲೆ ಹಸಿರು ಲೈಟ್ ಬಂತು.

ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲಾಂದ್ರೆ ಅವ್ರ ಕಾರು ಕೊಟ್ಟಿಗೇಲೇ, ನನ್ನಂಥದ್ದಾದ್ರೆ ಪೆಟ್ರೋಲಲ್ಲಿ ಹೋಗತ್ತೆ. ಇದೂ ಕರೆಂಟಿಗೇ ಕಟ್ಟಿದ ಲಿಂಗನಮಕ್ಕಿ ಡ್ಯಾಮಿರೋ ಜಿಲ್ಲೇಲಿ, ಇರ್ಲಿ ಬಿಡಿ.

ಇನ್ನು ಘಾಟಿ. ಆಗುಂಬೆಯ 14 ತಿರುವು ಇಳಿಯೋವಾಗ ಮೋಟರ್ರೇ ಜನರೇಟರ್ ಆಗಿ ಬ್ರೇಕ್ ಹಿಡಿಯತ್ತೆ, ಬ್ಯಾಟರಿ ತುಂಬತ್ತೆ. ಒಂದೂವರೆ ಟನ್ ಗಾಡಿ 500 ಮೀಟರ್ ಇಳಿದ್ರೆ ಲೆಕ್ಕಕ್ಕೆ 2 ಯೂನಿಟ್, ಅದ್ರಲ್ಲಿ ಅರ್ಧ ವಾಪಸ್ ಬಂದ್ರೂ ಲಾಭನೇ. ಆದ್ರೆ ಆಗುಂಬೆಲೇ ಮನೆ ಇರೋರು ಫುಲ್ ಚಾರ್ಜ್ ಮಾಡ್ಕೊಂಡು ಸೋಮೇಶ್ವರಕ್ಕೆ ಇಳಿದ್ರೆ ತುಂಬಿದ ಕೊಡಕ್ಕೆ ನೀರು ಹೊಯ್ದಂಗೆ, ಬ್ಯಾಟರಿ ತಗೊಳಲ್ಲ, ಇಂಜಿನ್ ಸುಮ್ನೆ ತಿರುಗಿಸಿ ವೇಗ ತಡೀಬೇಕು. ಅಂಥೋರು ಮುಕ್ಕಾಲಿಗೇ ಪ್ಲಗ್ ಕೀಳೋದು ವಾಸಿ.

ದಿನಾ 50-60 ಕಿಲೋಮೀಟರ್ ಓಡಾಡೋ ನಮ್ಮ ಜನಕ್ಕೆ ಹೇಳಿ ಮಾಡ್ಸಿದ ಗಾಡಿ ಅಂತ ನನ್ನ ವಾದ. ಆದ್ರೆ ಪೂರಾ ಎಲೆಕ್ಟ್ರಿಕ್ಕಿಗೆ ಜಿಎಸ್‌ಟಿ 5%, ಹೈಬ್ರಿಡ್ ದೊಡ್ಡದಾದ್ರೆ ಪ್ಲಗ್ ಇದ್ರೂ 2025ರ ಸೆಪ್ಟೆಂಬರಿಂದ 40%, ಇದ್ಯಾವ ನ್ಯಾಯ. ಹಂಗಂತ ನನ್ನ ಆಫೀಸಲ್ಲೇ ಪ್ಲಗ್ ಗಾಡಿ ತಗೊಂಡು ಕೇಬಲ್ಲನ್ನ ಡಿಕ್ಕಿಯಿಂದ ಆಚೆ ತೆಗೀದೇ ಇರೋರೂ ಇದಾರೆ, ಅವ್ರಿಗೆ ಆ ಬ್ಯಾಟರಿ ಬರೀ ಹೊರೆ.

ಎಲ್ಲಾ ಕೇಳಿಸ್ಕೊಂಡ ಭಾವ ಮಾರನೇ ದಿನ ಗುದ್ದಲಿ ಹಿಡ್ಕೊಂಡು ಅರ್ಥಿಂಗ್ ಗುಂಡಿ ತೋಡ್ತಿದ್ದ. ಕಾರಿಗಲ್ಲ, ಅಡಿಕೆ ಸುಲಿಯೋ ಮಷೀನು ಶಾಕ್ ಹೊಡೀತಿತ್ತಂತೆ.